ಮಲ್ಲಿಗೆ ಕಿತ್ತೆಸೆದ ಆಯಮ್ಮ

2002ರಲ್ಲಿ ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಳಸದ ಹತ್ತಿರದ ಎಸ್ಟೇಟಿಗೆ ಕೆಲಸಕ್ಕೆ ಹೋದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಶಿಶುವಿಹಾರದ ಆಯಮ್ಮನ ಎಡಗಿವಿ. ಹಾಲೆ ನಡುವೆ ಸೀಳಿ ಎರಡು ತುಂಡಾಗಿ ಜೋತಾಡುತ್ತಿತ್ತು. ಅದನ್ನು ಮುಚ್ಚಲು ಅವರು ಸೆರಗು ಎಳೆದದ್ದನ್ನು ನಾನು ಕಂಡಿಲ್ಲ.

ಹೆಂಗಸರು ಕಾಫಿ ಕೊಯ್ಯಲು ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುವುದು ಆಯಮ್ಮನ ಕೆಲಸ. ಬಾಣಂತಿಯರಿಗೆ ಬುದ್ಧಿ ಹೇಳುವುದು ತಾವೇ ಹಚ್ಚಿಕೊಂಡದ್ದು. ಶತಾವರಿ ಬೇರು ಅಗೆದು ತಂದು ಹಾಲಿನಲ್ಲಿ ಕಾಯಿಸುವರು, ಮೆಂತ್ಯದ ಗಂಜಿ ಮಾಡಿಸುವರು. ಜ್ವರ ಬಂತೆಂದರೆ ಬೇರು ಮುಟ್ಟರು; "ಜೀಪು ಹತ್ತು, ಆಸ್ಪತ್ರೆಗೆ ನಡಿ." ಹೆಂಡತಿಗೆ ಹೊಡೆಯುವವರ ಮನೆಗೆ ಹೋಗುವಾಗ ಕೈಯಲ್ಲಿ ಸೌದೆಯೂ ಇರುತ್ತಿತ್ತು.

ನಾನು ಕುಡಿಯುವವನಲ್ಲ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದರಲ್ಲಿ ಆ ಎಸ್ಟೇಟಿನಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಆ ಸೊಕ್ಕಿತ್ತು. ದೊಡ್ಡವನಾಗಿ ಮದುವೆಯಾದೆ. ಮಗಳು ಹುಟ್ಟಿ ಹೆಂಡತಿ ಆಸ್ಪತ್ರೆಯಿಂದ ಬಂದ ಮೇಲೆ ಅವಳ ಎದೆ ಕಲ್ಲಿನಂತೆ ಬಿಗಿಯಿತು. ನೋಡಲು ಬಂದ ಆಯಮ್ಮನನ್ನು ನಮ್ಮವ್ವ, "ಪುರುಡು ಕಳೀಲಿ, ಆಮೇಲೆ ಬಾ" ಎಂದು ಬಾಗಿಲಿನಿಂದಲೇ ಕಳಿಸಿದಳು. ನೋವಿಗೆಂದು ತಾನೇ ಸೊಸೆಯ ಎದೆಗೆ ಮಲ್ಲಿಗೆ ಕಟ್ಟಿದಳು. ಪೇಟೆಯಿಂದ ಹೂವು ತಂದವನು ನಾನು. ನೋವು ಇಳಿಯಿತು, ಹಾಲೂ ಬತ್ತಿತು. ಮಗುವಿಗೆ ಸಕ್ಕರೆ ನೀರೇ ಗತಿಯಾಯಿತು. ಅತ್ತೂ ಅತ್ತೂ ದನಿ ಹೋಯಿತು, ಉಚ್ಚೆ ನಿಂತಿತು.

"ಹೆತ್ತ ಮಗೂಗೆ ಒಂದು ತೊಟ್ಟು ಹಾಲಿಲ್ವೇನೇ ನಿನ್ನ ಹತ್ರ?" ಎಂದು ಹೆಂಡತಿಯ ಕೆನ್ನೆಗೆ ಬಾರಿಸಿದೆ. ತಲೆ ಗೋಡೆಗೆ ಬಡಿಯಿತು, ತುಟಿ ಒಡೆದು ರಕ್ತ ಮಗುವಿನ ಬಟ್ಟೆಗೆ ಬಿತ್ತು. ಮತ್ತೆ ಕೈ ಎತ್ತಿದೆ. ಹಿಂದಿನಿಂದ ಮಣಿಕಟ್ಟಿನ ಮೇಲೆ ಸೌದೆ ಬಿತ್ತು. ಮೂಳೆ ಲಟಕ್ಕೆಂದಿತು.

"ಈಗ ಹೊಡಿಯೋ, ನೋಡನ!" ಕೂಗು ಕೇಳಿ ಆಯಮ್ಮ ಒಳಗೆ ನುಗ್ಗಿದ್ದರು.

ಅವ್ವ ಅಡ್ಡ ಬಂದಳು. "ನಮ್ಮನೆ ವಿಷ್ಯಕ್ಕೆ ನೀ ಯಾರೇ?"

ಆಯಮ್ಮ ಅವಳನ್ನು ಪಕ್ಕಕ್ಕೆ ತಳ್ಳಿ ಹೆಂಡತಿಯ ರವಿಕೆಯೊಳಗಿನ ಬಾಡಿದ ಮಲ್ಲಿಗೆ ಕಿತ್ತು ಅವ್ವನ ಮುಖಕ್ಕೆ ಎಸೆದರು. "ಮಗು ಸತ್ತೋಳಿಗೆ ಹಾಲು ಬತ್ಲಿ ಅಂತ ಕಟ್ಟೋ ಹೂವು ಇದು. ಬದುಕಿರೋ ಮಗೂ ತಾಯಿಗೆ ಕಟ್ಟಿದ್ದೀಯಲ್ಲ, ಮಾರಾಯ್ತಿ!" ನನ್ನ ಕಡೆ ತಿರುಗಿ ಕಿವಿ ಹಿಡಿದು ತೋರಿಸಿದರು. "ನಂಗೂ ಹಿಂಗೇ ಕಟ್ಟಿದ್ರು. ಹಾಲಿಲ್ಲ ಅಂತ ಗಂಡ ಓಲೆ ಹಿಡ್ದು ಎಳೆದ. ಮಗು ಉಳೀಲಿಲ್ಲ. ನಿಂದೂ ಹೋಗ್ಬೇಕಾ?"

ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ಮಗಳಿಗೆ ಡ್ರಿಪ್ ಹಾಕಿದರು, ನನಗೆ ಪ್ಲಾಸ್ಟರ್.

ವಾಪಸು ಬಂದ ಮೇಲೆ ಆಯಮ್ಮ ನಮ್ಮನೆಯಲ್ಲೇ ಉಳಿದರು. ಎರಡು ಗಂಟೆಗೊಮ್ಮೆ ಮಗುವನ್ನು ಎದೆಗೆ ಹಾಕಿಸುವರು, ಆಮೇಲೆ ಆಸ್ಪತ್ರೆಯವರು ಹೇಳಿದ ಪುಡಿಹಾಲು ಚಮಚದಲ್ಲಿ ಕುಡಿಸುವರು. ಎದೆಹಾಲು ಬರಲಿಲ್ಲ. "ಬೇರು ಜಾಸ್ತಿ ಹಾಕಿ, ಆಯಮ್ಮ" ಎಂದೆ.

"ಬೇರು ನಿನ್ನ ಸಮಾಧಾನಕ್ಕೆ ಮಾರಾಯ. ಮಗು ಚೀಪಿದ್ರೆ ಹಾಲು. ಹೆದರಿದೋಳ ಎದೇಲಿ ಅದೂ ಇಳಿಯಲ್ಲ. ನೀನು ಹೊರಗೆ ಕೂತ್ಕೋ."

ಹೊರಗೆ ಕೂತೆ. ಒಂಬತ್ತನೇ ದಿನ ಒಳಗೆ ಕರೆದರು. ಮಗಳ ಗದ್ದದ ಮೇಲೆ ಎದೆಹಾಲು ಇಳಿಯುತ್ತಿತ್ತು.

ಹೋದ ವರ್ಷ ಆಯಮ್ಮ ತೀರಿಕೊಂಡರು. ಹೆಗಲು ಕೊಡಲು ಹೋದ ನಮ್ಮನ್ನು ಹೆಂಗಸರು ಹತ್ತಿರ ಬಿಡಲಿಲ್ಲ, ತಾವೇ ಹೊತ್ತರು. ಮುಂದಿನ ಹೆಗಲು ನನ್ನ ಹೆಂಡತಿಯದು.

ಈಗ ನನಗೆ ಒಂದೂವರೆ ಎಕರೆ ಕಾಫಿ ಇದೆ, ಒಂದು ಜೀಪು, ಮೂರು ಕೋಣೆಯ ಮನೆ. ಎಲ್ಲ ನಾನೇ ದುಡಿದದ್ದು. ಹೆಂಡತಿ ಜೊತೆಗಿದ್ದಾಳೆ. ಮಕ್ಕಳು ಇಬ್ಬರು.