ಅಪ್ಪನ ಫಟಫಟಿ ರಸ್ತೆಗಿಳಿದ ದಿನ

ನಾನು ಚಿಕ್ಕವಳಿದ್ದಾಗ ಪುಣೆಯ ಕೊಂಢವಾದಲ್ಲಿ ಇಷ್ಟೊಂದು ಕಟ್ಟಡಗಳಿರಲಿಲ್ಲ. ನಮ್ಮ ಬಾಡಿಗೆ ಮನೆಯ ಮುಂದೆ ಕಲ್ಲೆದ್ದ ಇಳಿಜಾರು ರಸ್ತೆ, ಅದರಾಚೆ ಜೋಳದ ಹೊಲ. ಹಿತ್ತಲಿನ ಬೇವಿನ ಮರದ ಕೆಳಗೆ ಮನೆ ಮಾಲಕರ ಹಳೆಯ ಮೋಟರ್ ಸೈಕಲ್ಲೊಂದು ಗೋಡೆಗೊರಗಿ ನಿಂತಿತ್ತು. ನಾವದನ್ನು ಫಟಫಟಿ ಎನ್ನುತ್ತಿದ್ದೆವು. ಅದರ ಸೀಟು ಹರಿದು ನಾರು ಹೊರಬಂದಿತ್ತು. ಆ ನಾರಿನಲ್ಲಿ ಕೋಳಿಯೊಂದು ಮೊಟ್ಟೆ ಇಡುತ್ತಿತ್ತು.

ಅಪ್ಪ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವನು. ವರ್ಷಗಟ್ಟಲೆ ಇಟ್ಟಿಗೆ ಹೊತ್ತ ಮೇಲೆ ಹಡಪಸರದಾಚೆಯ ಒಂದು ಕಾರ್ಖಾನೆಯಲ್ಲಿ ಅವನಿಗೆ ಕಾಯಂ ಕೆಲಸ ಸಿಕ್ಕಿತು. ಬರುವ ಸೋಮವಾರದಿಂದ ದಿನಾ ಬೆಳಗ್ಗೆ ಏಳಕ್ಕೆ ಗೇಟಿನಲ್ಲಿರಬೇಕು. ಬಸ್ಸಿನಲ್ಲಿ ಸ್ವಾರಗೇಟಿಗೆ ಹೋಗಿ ಇನ್ನೊಂದು ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿರುತ್ತದೆ. ಅಪ್ಪ ಮಾಲಕರ ಬಳಿ ಫಟಫಟಿಯ ಮಾತೆತ್ತಿದ. "ಚಾಲೂ ಝಾಲೀ ತರ ತುಮಚೀಚ," ಎಂದು ಆ ಮುದುಕರು ಮರಾಠಿಯಲ್ಲಿ ಹೇಳಿ ನಕ್ಕರು. ಚಾಲೂ ಆದರೆ ನಿಮ್ಮದೇ ಎಂದರ್ಥ. ಅದು ಚಾಲೂ ಆದೀತೆಂದು ಅವರಿಗೇನೂ ನಂಬಿಕೆ ಇರಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಅಪ್ಪ ಗೋಣಿಚೀಲ ಹಾಸಿ ಕುಳಿತ. ಕಟ್ಟಡದ ನೀರಿನ ಪಂಪು ಬಿಚ್ಚಿ ಜೋಡಿಸಿ ಅವನ ಕೈ ಪಳಗಿತ್ತು. ಪೆಟ್ರೋಲ್ ಟಾಕಿಯೊಳಗೆ ತುಕ್ಕು ಗಟ್ಟಿಯಾಗಿ ಕುಳಿತಿತ್ತು. ಅದರಲ್ಲಿ ಸೀಮೆಎಣ್ಣೆ ಸುರಿದು, ಒಂದು ಹಿಡಿ ಸಣ್ಣ ಹರಳುಕಲ್ಲು ಹಾಕಿ, ಅಕ್ಕನಿಗೂ ನನಗೂ ಅಲುಗಾಡಿಸಲು ಕೊಟ್ಟ. ನಾವು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಟಾಕಿಯನ್ನು ತೊಟ್ಟಿಲಿನಂತೆ ತೂಗಿದೆವು. ಒಳಗೆ ಕಲ್ಲು ಗಲಗಲ ಎನ್ನುತ್ತಿತ್ತು. ಬಗ್ಗಿಸಿದಾಗ ಕೆಂಪು ರಾಡಿ ಹೊರಬಂತು. ನನ್ನ ಲಂಗದ ತುಂಬ ಸೀಮೆಎಣ್ಣೆಯ ವಾಸನೆ.

ಅಪ್ಪ ಪ್ಲಗ್ಗಿನ ಮಸಿ ಕೆರೆದ, ಟೈರಿಗೆ ತೇಪೆ ಹಚ್ಚಿದ, ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಿಕ್ಕು ಒದ್ದು ಒದ್ದು ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೊನೆಗೊಮ್ಮೆ ಫಟಫಟಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಗುಡುಗತೊಡಗಿತು. ಅಪ್ಪ ಮಗುವಿನಂತೆ ನಗುತ್ತ ಹತ್ತಿ ಇಳಿಜಾರಿಗೆ ಬಿಟ್ಟ.

ಗಾಡಿ ಓಡಿತು, ಆದರೆ ನಿಲ್ಲಲಿಲ್ಲ. ಅಪ್ಪ ಬ್ರೇಕು ಒತ್ತುತ್ತಲೇ ಹೋಗಿ ರಸ್ತೆ ಬದಿಯ ಉಸುಕಿನ ಗುಡ್ಡೆಗೆ ಗುದ್ದಿ ಬಿದ್ದ. ಮೊಣಕೈ ತರಚಿತ್ತು. ಅವ್ವ ಅದಕ್ಕೆ ಅರಿಶಿನ ಹಚ್ಚುತ್ತ ಮೆಲ್ಲಗೆ ಅಂದಳು, "ಓಡೂದು ದೊಡ್ಡ ಮಾತಲ್ಲ, ನಿಂದರೂದು ದೊಡ್ಡದು. ನಾಳಿ ಇದರ ಮ್ಯಾಲ ನಿಮ್ಮನ್ನ ಕಳಸೂದಿಲ್ರಿ."

"ಹಂಗಾರ ಕೆಲಸ ಹೋಗ್ತದ."

"ಹೋಗ್ಲಿ ಬಿಡ್ರಿ. ನೀವು ಮನಿಗೆ ಬರಬೇಕು."

ಅಪ್ಪ ಎದ್ದು ಗಾಡಿಯನ್ನು ಹಿತ್ತಲಿಗೆ ತಳ್ಳಿಕೊಂಡು ಬಂದ. ಆಮೇಲೆ ಚಕ್ರ ಬಿಚ್ಚಿದ. ಒಳಗಿನ ಬ್ರೇಕಿನ ಪಟ್ಟಿಗಳು ಗಾಜಿನಂತೆ ನುಣ್ಣಗಾಗಿದ್ದವು. ಅವನ್ನು ಅಕ್ಕ ಮರಳು ಕಾಗದದಿಂದ ತಿಕ್ಕಿ ತಿಕ್ಕಿ ಒರಟು ಮಾಡಿದಳು. ಬ್ರೇಕಿನ ತಂತಿ ಮಾತ್ರ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ಅಲುಗಾಡದಾಗಿತ್ತು. ಆ ಕೊಳವೆಯ ಬಾಯಿ ಸೂಜಿಯ ಕಣ್ಣಿನಷ್ಟು. ಎಷ್ಟು ಎಣ್ಣೆ ಬಿಟ್ಟರೂ ಹೊರಗೇ ಚೆಲ್ಲುತ್ತಿತ್ತು. ಅಪ್ಪನ ಮುಖ ಸಣ್ಣದಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಒಳಗೆ ಹೋಗಿ, ಚಪಾತಿಗೆ ಕಲಸಿದ ಹಿಟ್ಟಿನ ಉಂಡೆ ತಂದಳು. ತಂತಿಯನ್ನು ಕೊಳವೆ ಸಮೇತ ಬೇವಿನ ಕೊಂಬೆಗೆ ತೂಗುಹಾಕಿಸಿ, ಅದರ ಮೇಲ್ತುದಿಗೆ ಹಿಟ್ಟನ್ನು ಮೆತ್ತಿ ಪುಟ್ಟ ಬಟ್ಟಲು ಮಾಡಿದಳು. "ಈಗ ಹಾಕ್ರಿ ಎಣ್ಣಿ," ಅಂದಳು. ಅಪ್ಪ ಬಟ್ಟಲು ತುಂಬಿಸಿದ. ಒಂದು ಹನಿಯೂ ಚೆಲ್ಲಲಿಲ್ಲ. ನಾವೆಲ್ಲ ಊಟ ಮರೆತು ತಂತಿಯ ಕೆಳತುದಿಯನ್ನೇ ನೋಡುತ್ತ ಕುಳಿತೆವು. ಬಿಸಿಲು ಇಳಿಯುವ ಹೊತ್ತಿಗೆ ಅಲ್ಲೊಂದು ಕಂದು ಹನಿ ಮೂಡಿತು. ಅಪ್ಪ ತಂತಿ ಎಳೆದ. ಅದು ಸರಕ್ಕನೆ ಜಾರಿತು.

ಸಂಜೆ ಅದೇ ಇಳಿಜಾರಿನಲ್ಲಿ ಅಪ್ಪ ನಡುವೆ ಬ್ರೇಕು ಹಿಡಿದ. ಗಾಡಿ ಧೂಳೆಬ್ಬಿಸಿ ನಿಂತಿತು. ಅವ್ವ ಇನ್ನೊಮ್ಮೆ, ಮತ್ತೊಮ್ಮೆ ಹಿಡಿಸಿ ನೋಡಿದಳು. ಆಮೇಲಷ್ಟೇ ತಲೆಯಾಡಿಸಿದಳು. ಮಾಲಕರು ಹೊರಗೆ ಬಂದು ಅಪ್ಪನ ಬೆನ್ನು ತಟ್ಟಿದರು. ಮರುದಿನ ನಸುಕಿನಲ್ಲಿ ಅಪ್ಪ ಬುತ್ತಿ ಕಟ್ಟಿಕೊಂಡು ಹೊರಟ. ಗೇಟು ತೆರೆಯುವ ಮೊದಲೇ ಅಲ್ಲಿದ್ದನಂತೆ.

ಮಕ್ಕಳೇ, ಈಗ ನಿಮ್ಮಪ್ಪ ರಾಂಜಣಗಾಂವದ ಕಾರ್ಖಾನೆಯಿಂದ ಬರುವಾಗ ಬಸ್ಸು ಎಲ್ಲಿದೆ ಎಂದು ನೀವು ಮೊಬೈಲಿನಲ್ಲೇ ನೋಡುತ್ತೀರಿ. ನೀಲಿ ಚುಕ್ಕೆ ಹತ್ತಿರವಾದಂತೆ ನಿಮ್ಮ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ನಮಗೆ ಆಗ ಕಿವಿಯೇ ಎಲ್ಲ. ಸಂಜೆ ಓದುತ್ತ ಕುಳಿತಾಗ ದೂರದ ಇಳಿಜಾರಿನ ಬುಡದಲ್ಲಿ ಫಟಫಟಿಯ ಗುಡುಗು ಸಣ್ಣಗೆ ಕೇಳುತ್ತಿತ್ತು. ಅಕ್ಕನೂ ನಾನೂ ಒಬ್ಬರನ್ನೊಬ್ಬರು ನೋಡುವಷ್ಟರಲ್ಲಿ, ಒಳಗೆ ಅವ್ವ ಒಲೆಯ ಮೇಲೆ ರೊಟ್ಟಿ ಹಂಚು ಇಟ್ಟ ಸದ್ದು ಬರುತ್ತಿತ್ತು.