ಅಪ್ಪ ಕಟ್ಟಿದ ಚಕ್ರ

ನಾಗಸಂದ್ರದ ನಮ್ಮ ಮನೆಯ ಬಾಲ್ಕನಿಯಲ್ಲಿ ಟೈರಿಲ್ಲದ ಸೈಕಲ್ ಚಕ್ರವೊಂದು ಮೊಳೆಗೆ ನೇತುಬಿದ್ದಿದೆ. ನನ್ನ ಹೆಂಡತಿ ಅದರ ಕಡ್ಡಿಗಳಿಗೆ ಕ್ಲಿಪ್ಪು ಸಿಕ್ಕಿಸಿ ಕರವಸ್ತ್ರ, ಕಾಲುಚೀಲ ಒಣಹಾಕುತ್ತಾಳೆ. ಹತ್ತು ವರ್ಷ ಸೈಕಲ್ ರೇಸನ್ನೇ ವೃತ್ತಿ ಮಾಡಿಕೊಂಡಿದ್ದವನ ಮನೆಯಲ್ಲಿ ಪದಕದ ಬದಲು ಕಾಲುಚೀಲ ತೂಗುವುದನ್ನು ಕಂಡು ನೆಂಟರು ನಕ್ಕರೆ, ನಾನೂ ನಗುತ್ತೇನೆ. ಪದಕವಿದ್ದರಲ್ಲವೇ ತೂಗುಹಾಕುವುದು!

ಚಕ್ರ ಕಟ್ಟಿದವರು ಅಪ್ಪ. ಪೀಣ್ಯದ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತಿಯಾದ ಮೇಲೆ ಒಂದೊಂದೇ ಕಡ್ಡಿ ಬಿಗಿದು, ಬೆರಳಿನಿಂದ ಮೀಟಿ ನಾದ ಕೇಳಿ, ಕೂದಲೆಳೆಯಷ್ಟೂ ಓಲಾಡದಂತೆ ಮಾಡಿದ್ದರು. ಆಯುಧಪೂಜೆಯ ದಿನ ಅದರ ನಡುವಿಗೆ ಅರಿಶಿನದ ದಾರ ಸುತ್ತಿ, “ಇದ್ರಲ್ಲೇ ಫಸ್ಟ್ ಬರ್ಬೇಕು ಕಣೋ ನೀನು” ಎಂದರು.

ನಾನು ಹೂಂ ಎಂದೆ. ತಂಡದಲ್ಲಿ ನನ್ನ ಕೆಲಸ ಮೊದಲು ಬರುವುದಲ್ಲ ಎಂಬುದನ್ನು ಅವರಿಗೆ ಹೇಳಿಯೇ ಇರಲಿಲ್ಲ. ರಸ್ತೆಯ ರೇಸಿನಲ್ಲಿ ಗೆಲ್ಲಬೇಕಾದವನು ತಂಡದ ನಾಯಕ. ಉಳಿದ ನಾವು ಅವನ ಮುಂದೆ ಗಾಳಿಗೆ ಎದೆಯೊಡ್ಡಿ, ನೀರು ತಂದುಕೊಟ್ಟು, ಅವನ ಚಕ್ರ ಕೈಕೊಟ್ಟರೆ ನಮ್ಮದನ್ನೇ ಬಿಚ್ಚಿಕೊಡುವವರು. ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಅದು ಮರ್ಯಾದೆಯ ಕೆಲಸವೆಂದು ಗೊತ್ತಿದ್ದೂ, ಅಪ್ಪ ಕೇಳಿದಾಗಲೆಲ್ಲ “ಸ್ವಲ್ಪದ್ರಲ್ಲಿ ತಪ್ಪೋಯ್ತಪ್ಪ” ಎನ್ನುತ್ತಿದ್ದೆ. ನೀವೇ ಹೇಳಿ, ನನ್ನ ಕೆಲಸ ಸೋಲುವುದು ಎಂದು ಯಾವ ಬಾಯಲ್ಲಿ ಹೇಳಲಿ?

ನನ್ನ ಕೊನೆಯ ರೇಸು ನಮ್ಮ ತುಮಕೂರು ರಸ್ತೆಯಲ್ಲೇ ನಡೆಯಿತು. ಅಪ್ಪ ಮೊದಲ ಬಾರಿ ನೋಡಲು ಬಂದರು; ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಕ್ತಾಯದ ಗೆರೆಯ ಬಳಿ ನಿಂತಿದ್ದರಂತೆ. ಐದು ಕಿಲೋಮೀಟರ್ ಉಳಿದಿರುವಾಗ ನಾಯಕನ ಮುಂದಿನ ಚಕ್ರ ಪಂಕ್ಚರ್ ಆಯಿತು.

“ವ್ಹೀಲ್ ಕೊಡಣ್ಣಾ!” ಎಂದು ಕೂಗಿದ.

ಒಂದು ಗಳಿಗೆ ತಡೆದೆ. ಇವತ್ತೊಂದು ದಿನ ಆಗುವುದಿಲ್ಲ ಎಂದುಬಿಡಲೇ ಅನ್ನಿಸಿತು. ಅಷ್ಟರಲ್ಲಿ ನನ್ನ ಕೈಗಳು ಅಪ್ಪ ಕಟ್ಟಿದ ಚಕ್ರ ಬಿಚ್ಚಿ ಕೊಟ್ಟಾಗಿತ್ತು.

ತಂಡದ ಕಾರು ಬಂದು ಬೇರೆ ಚಕ್ರ ಕೊಡುವವರೆಗೆ ಬಿಸಿಲಲ್ಲಿ ನಿಂತೆ. ನಾನು ಗೆರೆ ಮುಟ್ಟಿದಾಗ ನಾಯಕನಿಗೆ ಹಾರ ಹಾಕಿಯಾಗಿತ್ತು. ಅಪ್ಪ ಬೇಲಿ ಹಿಡಿದುಕೊಂಡೇ ಹೇಳಿದರು: “ಎಲ್ರಿಗೂ ಒಂದೇ ಬಟ್ಟೆ, ಒಂದೇ ಹೆಲ್ಮೆಟ್ಟು. ನಾನು ಚಕ್ರದ್ ದಾರ ನೋಡ್ದೆ ಕಣೋ. ಅಕ್ಕಪಕ್ಕದವ್ರಿಗೆಲ್ಲ ನನ್ ಮಗ, ನನ್ ಮಗ ಅಂತ ಕೂಗ್ದೆ. ಆಮೇಲೆ ಅವ್ನು ಹೆಲ್ಮೆಟ್ ತೆಗ್ದ.”

“ಅದೇ ನನ್ ಕೆಲ್ಸ ಅಪ್ಪ,” ಎಂದೆ. ಹತ್ತು ವರ್ಷ ತಡವಾಗಿ.

ಚಕ್ರ ಮನೆಗೆ ಬಂದ ಮೇಲೆ ಅಪ್ಪ ತಿರುಗಿಸಿ ನೋಡಿ, “ಗುಂಡಿಗೆ ಇಳ್ಸಿದಾನೆ” ಎಂದು ಗೊಣಗಿ, ಸಡಿಲವಾಗಿದ್ದ ಎರಡು ಕಡ್ಡಿ ಬಿಗಿದರು. ಆ ಮಳೆಗಾಲದಲ್ಲಿ ತೀರಿಕೊಂಡರು.

ಈ ಆಯುಧಪೂಜೆಗೆ ಕಾಲುಚೀಲಗಳನ್ನೆಲ್ಲ ತೆಗೆದು, ಚಕ್ರ ಇಳಿಸಿ ಒರೆಸಿದೆ. ಹೊಸ ದಾರ ತಂದಿದ್ದೆ. ಮಾಸಿದ ಹಳೆಯದನ್ನು ಬಿಚ್ಚಲು ಕೈಬರಲಿಲ್ಲ. ಅಚ್ಚು ಹಿಡಿದು ಸುಮ್ಮನೆ ಒಮ್ಮೆ ತಿರುಗಿಸಿದೆ. ಚೂರೂ ಓಲಾಡದೆ ಬಹಳ ಹೊತ್ತು ತಿರುಗಿತು. ನನ್ನ ಮಗ ಎಂದು ಅಪ್ಪ ಜನರ ನಡುವೆ ಕೂಗಿದ್ದು ಅದೊಂದೇ ಸಲ, ಅದನ್ನು ಕೇಳಲು ನಾನು ಅಲ್ಲಿರಲಿಲ್ಲ.