ವಕ್ಕಲೇರಿ ಡೈರಿಯ ಫುಟ್‌ಬಾಲು

ಟಿವಿ ಡಿಶ್ ರಿಪೇರಿ ನನ್ನ ಕೆಲಸ. ಅವತ್ತು ಸಂಜೆ ವಕ್ಕಲೇರಿ ಹಾಲಿನ ಡೈರಿಯಲ್ಲಿ ಡಿಶ್ ಸರಿಮಾಡಿ ಕೆಳಗಿಳಿದೆ. ಸೆಕ್ರೆಟರಿ ಗೌರಮ್ಮ ರಿಮೋಟನ್ನು ನನ್ನ ಕೈಗಿಟ್ಟು, "ಇಂಡಿಯಾ ಫುಟ್‌ಬಾಲ್ ಹಾಕಪ್ಪಾ" ಅಂದರು.

"ಅದು ದುಡ್ಡು ಕಟ್ಟೋ ಚಾನಲ್‌ನಲ್ಲಿ ಬರೋದು, ಅಕ್ಕಾ. ನಿಮ್ಮದು ಫ್ರೀ ಡಿಶ್ಶು."

"ಆಡೋದು ದೇಶದ ಟೀಮು ತಾನೆ? ಹಾಲು ಹಾಕಕ್ಕೆ ಬಂದೋರ್ನೆಲ್ಲ ಮ್ಯಾಚ್ ತೋರಿಸ್ತೀನಿ ಅಂತ ಕೂರಿಸಿದೀನಿ. ಈಗ ಎದ್ದು ಹೋಗಿ ಅನ್ನಲಾ?"

ನಾನು ಪ್ಯಾಕೇಜು ಅಂತ ಬಾಯಿ ತೆಗೆಯುವಷ್ಟರಲ್ಲಿ ಅವರು ಮಾಲೂರಿನಲ್ಲಿರುವ ತಂಗಿಗೆ ವಿಡಿಯೋ ಕಾಲ್ ಮಾಡಿಯೇಬಿಟ್ಟರು. "ಏ ಮಂಜುಳಾ, ನಿಮ್ಮನೇಲಿ ಆ ಚಾನಲ್ ಐತಲ್ಲ, ಹಾಕು. ಫೋನು ಟಿವಿ ಮುಂದೆ ಇಡು. ನಾನು ಹೇಳೋ ತನಕ ಕಟ್ ಮಾಡಬೇಡ."

ಹಾಲಿನ ಕ್ಯಾನಿಗೆ ಒರಗಿಸಿಟ್ಟ ಅಂಗೈಯಗಲದ ಫೋನಿನ ಮುಂದೆ ಅರ್ಧ ಊರೇ ಕೂತಿತು. ಕಾಮೆಂಟರಿ ಜೊತೆ ಮಂಜುಳಮ್ಮನ ಕುಕ್ಕರೂ ಕೂಗುತ್ತಿತ್ತು. ನಮ್ಮವರು ಚೆಂಡು ತಗೊಂಡು ಗೋಲಿನ ಹತ್ತಿರ ನುಗ್ಗಿದರು. ಅಷ್ಟರಲ್ಲಿ ಮಂಜುಳಮ್ಮ ಅಡ್ಡ ಬಂದು, ಫೋನಿಗೆ ಬಗ್ಗಿ, "ಅಕ್ಕಾ, ಕಾಣಿಸ್ತೈತಾ?" ಅಂದರು.

"ಪಕ್ಕಕ್ಕೆ ಸರಿಯಮ್ಮಾ!" ಡೈರಿಗೆ ಡೈರಿಯೇ ಕಿರುಚಿತು.

ಅವರು ಸರಿಯುವ ಹೊತ್ತಿಗೆ ಗೋಲಾಗಿ, ಆಟಗಾರರು ತಬ್ಬಿಕೊಳ್ಳುತ್ತಿದ್ದರು. ಹೊಡೆದದ್ದನ್ನು ನಾವ್ಯಾರೂ ನೋಡಲಿಲ್ಲ. ಆದರೂ ಕ್ಯಾನಿನ ಮುಚ್ಚಳ ಬಡಿದು ಕುಣಿದೆವು.

ಹಾಫ್ ಟೈಮಿನಲ್ಲಿ ನಾನು ಹೊರಟಾಗ ಗೌರಮ್ಮ, "ನಿಮ್ಮನೇಲಿ ಚೆನ್ನಾಗಿ ಕಾಣ್ತಿರ್ತೈತೆ, ಅಲ್ವೇನಪ್ಪಾ?" ಅಂದರು.

ಕೋಲಾರದ ನಮ್ಮ ಮನೆಯಲ್ಲಿ ದೊಡ್ಡ ಟಿವಿ ಇದೆ, ಆ ಚಾನಲ್ಲೂ ಇದೆ. ಮನೆ ಸೇರಿದಾಗ ಅದರಲ್ಲಿ ಧಾರಾವಾಹಿ ಓಡುತ್ತಿತ್ತು.